ಫಿಲಂ ಕೀಳಿಸಿ, ಆಮೇಲೆ ಚಲನ್ ಮಾತು

ಪ್ರಶ್ನೆ: ಕಳೆದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಗಾಜುಗಳಿಗೆ ಮೊದಲಿನ ಮಾಲೀಕರೇ ಸನ್ ಫಿಲಂ ಹಾಕಿಸಿದ್ದರು. ಕಲಬುರಗಿಯ ಬಿಸಿಲಿಗೆ ಇರಲಿ ಎಂದು ಹಾಗೇ ಬಿಟ್ಟೆ. ಇಲ್ಲಿ ಯಾರೂ ಕೇಳಿರಲಿಲ್ಲ. ಆಸ್ಪತ್ರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಸಂಚಾರ ಪೊಲೀಸರು ನಿಲ್ಲಿಸಿ ₹500 ದಂಡ ಹಾಕಿದರು, ಕಟ್ಟಿದೆ. ಮತ್ತೊಮ್ಮೆ ಹೋಗಿ ಬಂದ ಮೇಲೆ ಅದೇ ಕಾರಣಕ್ಕೆ ಮೊಬೈಲಿಗೆ ಇನ್ನೊಂದು ಚಲನ್ ಬಂದಿದೆ. ಅಂಗಡಿಯವರನ್ನು ಕೇಳಿದರೆ, ‘ಇದು ಆರ್‌ಟಿಒ ಅಪ್ರೂವ್ಡ್ ಫಿಲಂ, ಕೇರಳ ಹೈಕೋರ್ಟ್ ಕೂಡ ಒಪ್ಪಿದೆ, ಕೋರ್ಟಿಗೆ ಹೋಗಿ’ ಅನ್ನುತ್ತಾರೆ. ನಮ್ಮ ಮನೆಯವರಿಗೆ ಬಿಸಿಲು ಬಿದ್ದರೆ ಚರ್ಮ ಕೆಂಪಾಗುತ್ತದೆ. ಡಾಕ್ಟರ್ ಚೀಟಿ ತೋರಿಸಿದರೆ ವಿನಾಯಿತಿ ಸಿಗುತ್ತದೆಯೇ? ದೊಡ್ಡವರ ಕಾರಿನ ಕಪ್ಪು ಗಾಜು ಯಾರ ಕಣ್ಣಿಗೂ ಬೀಳುವುದಿಲ್ಲವೇ? ಎರಡನೆಯ ದಂಡ ಕಟ್ಟಲೋ, ಹೋರಾಡಲೋ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಕಟ್ಟಿ. ಅದಕ್ಕೂ ಮೊದಲು ಫಿಲಂ ಕೀಳಿಸಿ. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ನಿಮ್ಮ ಅಂಗಡಿಯವರು ಹೇಳಿದ ಕೇರಳದ ಮಾತು ಪೂರ್ತಿ ಸುಳ್ಳಲ್ಲ. ಅದನ್ನು ಬಿಡಿಸಿ ಹೇಳದಿದ್ದರೆ ಈ ಸಲಹೆ ನಿಮಗೆ ಹೇಡಿತನದಂತೆ ಕಾಣಬಹುದು.

ಮೊದಲು ನಿಯಮ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯದು ಗಾಜಿಗೆ ಸಂಬಂಧಿಸಿದ್ದು. ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ 50ರಷ್ಟು ಹಾಯಬೇಕು. ಇದನ್ನು ಓದಿದ ಯಾರಿಗಾದರೂ ಹೊಳೆಯುವುದು, ಆ ಪ್ರಮಾಣ ಮೀರದ ತೆಳು ಫಿಲಂ ಹಾಕಿಸಿಕೊಂಡರೆ ತಪ್ಪೇನು ಎಂದೇ. 2012ರವರೆಗೆ ಇಡೀ ದೇಶದ ಫಿಲಂ ವ್ಯಾಪಾರ ನಡೆದದ್ದು ಇದೇ ಲೆಕ್ಕದ ಮೇಲೆ. ಅಂಗಡಿಯಲ್ಲಿ ತೆಳು ಫಿಲಂನ ಹೆಸರು ಹೇಳಿ ಕಡುಗಪ್ಪು ಅಂಟಿಸಿದರೂ ಕೇಳುವವರಿರಲಿಲ್ಲ. ರಸ್ತೆಯಲ್ಲಿ ನಿಂತ ಪೇದೆ ಶೇ 50 ಯಾವುದು, ಶೇ 35 ಯಾವುದು ಎಂದು ಬರಿಗಣ್ಣಲ್ಲಿ ಹೇಗೆ ಹೇಳಬೇಕು?

ಕಪ್ಪು ಗಾಜಿನ ಕಾರುಗಳು ಅಪರಾಧಕ್ಕೆ ಅನುಕೂಲವಾಗುತ್ತಿವೆ ಎಂದು ಅವಿಷೇಕ್ ಗೋಯೆಂಕಾ ಎಂಬುವರು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರಿದ್ದ ಪೀಠ 2012ರ ಏಪ್ರಿಲ್ 27ರಂದು ತೀರ್ಪು ಕೊಟ್ಟಿತು. ಶೇಕಡಾವಾರು ಎಷ್ಟೇ ಇರಲಿ, ಗಾಜಿನ ಮೇಲೆ ಕಪ್ಪು ಫಿಲಂ ಆಗಲಿ ಬೇರಾವುದೇ ವಸ್ತುವಾಗಲಿ ಅಂಟಿಸುವಂತಿಲ್ಲ. ಮೇ 4ರಿಂದ ಜಾರಿ. ಕಂಪನಿ ತಯಾರಿಸುವಾಗಲೇ ಗಾಜಿಗೆ ಛಾಯೆ ಕೊಟ್ಟು, ಅದು 70–50ರ ಮಿತಿಯೊಳಗಿದ್ದರೆ ಅಭ್ಯಂತರವಿಲ್ಲ ಎಂದಿತು ಕೋರ್ಟ್. ಫಿಲಂ ತಯಾರಕರು, ಮಾರಾಟಗಾರರು ಮತ್ತೆ ಹೋದರು. ಅದೇ ವರ್ಷದ ಆಗಸ್ಟಿನಲ್ಲಿ ಕೋರ್ಟ್ ಅವರ ವಾದ ತಳ್ಳಿಹಾಕಿತು. ಅಷ್ಟಕ್ಕೇ ಬಿಡದೆ, ಪೊಲೀಸರು ಬರೀ ಚಲನ್ ಕೊಟ್ಟು ಕಳಿಸಬಾರದು, ಫಿಲಂ ಅಲ್ಲೇ ತೆಗೆಸಬೇಕು ಎಂದೂ ಹೇಳಿತು. ಆ ದಿನಗಳಲ್ಲಿ ಸಿಗ್ನಲ್ ಪಕ್ಕದಲ್ಲೇ ಫಿಲಂ ಕೀಳಿಸುತ್ತಿದ್ದುದು ಅನೇಕರಿಗೆ ನೆನಪಿರಬಹುದು.

ಹಾಗಾಗಿ ನಿಮ್ಮ ಮೊದಲ ಚಲನ್ ಗಾಜು ಎಷ್ಟು ಕಪ್ಪಾಗಿತ್ತು ಎಂಬುದಕ್ಕಲ್ಲ, ಅದರ ಮೇಲೆ ಏನನ್ನೋ ಅಂಟಿಸಲಾಗಿತ್ತು ಎಂಬುದಕ್ಕೆ. ಅಂಟಿಸಿದವರು ಹಿಂದಿನ ಮಾಲೀಕರು ಎಂಬ ವಾದ ನಿಲ್ಲುವುದಿಲ್ಲ. ರಸ್ತೆಗೆ ಇಳಿಸಿದವರು ನೀವು. ದಂಡ ಕಟ್ಟಿದ ರಸೀದಿ ಪರವಾನಗಿಯೂ ಅಲ್ಲ. ಫಿಲಂ ಇರುವವರೆಗೆ ಇನ್ನೊಮ್ಮೆ ಹಿಡಿದರೆ ಇನ್ನೊಂದು ಚಲನ್, ಅದೂ ದುಬಾರಿ. ಇಂಥ ತಪ್ಪುಗಳಿಗೆ ಅನ್ವಯಿಸುವ ಮೋಟಾರು ವಾಹನ ಕಾಯ್ದೆಯ 177ನೆಯ ಸೆಕ್ಷನ್ ಪ್ರಕಾರ ಮೊದಲ ಸಲ ₹500ರವರೆಗೆ, ಮುಂದಿನ ಪ್ರತಿ ಸಲಕ್ಕೆ ₹1,500ರವರೆಗೆ ದಂಡ. 2019ರ ತಿದ್ದುಪಡಿಗೆ ಮುಂಚೆ ಇದು ₹100 ಮತ್ತು ₹300 ಇತ್ತು. ಆ ಕಾಲದಲ್ಲಿ ಅದನ್ನು ಪಾರ್ಕಿಂಗ್ ಚಾರ್ಜಿನಂತೆ ಕಟ್ಟಿ ಓಡಾಡಿದವರು ಬೇಕಾದಷ್ಟು ಜನ.

ಇನ್ನು ‘ಆರ್‌ಟಿಒ ಅಪ್ರೂವ್ಡ್’. ಆರ್‌ಟಿಒ ಯಾವ ಫಿಲಂಗೂ ಒಪ್ಪಿಗೆಯ ಮುದ್ರೆ ಒತ್ತಿ ಕೊಡುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ನಿಮ್ಮೂರಿನ ಆಕ್ಸೆಸರೀಸ್ ಅಂಗಡಿಯವರೆಗೆ ಎಲ್ಲೆಡೆ ಕೇಳಿಬರುವ ಮಾತಿದು. ಬಿಲ್ಲಿನ ಮೇಲೆ ಬರೆದುಕೊಡಿ ಎಂದರೆ ಯಾರೂ ಬರೆಯುವುದಿಲ್ಲ. ಲೆಕ್ಕದಲ್ಲೂ ಅವರದು ಅರ್ಧ ಸತ್ಯ. ಶೇ 50ರ ಫಿಲಂ ಎಂದರೆ ಫಿಲಂ ಒಂದೇ ಶೇ 50 ಬೆಳಕು ಬಿಡುತ್ತದೆ ಎಂದರ್ಥ. ಅದರ ಕೆಳಗಿರುವ ಗಾಜು ಒಂದಷ್ಟು ಬೆಳಕನ್ನು ಆಗಲೇ ತಡೆದಿರುತ್ತದೆ. ಜರಡಿಯ ಮೇಲೆ ಇನ್ನೊಂದು ಜರಡಿ ಇಟ್ಟ ಹಾಗೆ. ಗಾಜು ಶೇ 75 ಬಿಡುವುದಾದರೆ, ಅದರ ಅರ್ಧ, ಅಂದರೆ ಶೇ 37.5 ಮಾತ್ರ ಒಳಗೆ ಬರುತ್ತದೆ. ನಿಯಮ ಕೇಳುವುದು 50. ಶೇ 70ರ ತೆಳು ಫಿಲಂ ಹಾಕಿದರೂ ಪಕ್ಕದ ಗಾಜು 52ರ ಆಸುಪಾಸಿಗೆ ಬಂದು ಕೂದಲೆಳೆಯಲ್ಲಿ ಪಾಸಾಗುತ್ತದೆ. ಅದೇ ಫಿಲಂ ಮುಂದಿನ ಗಾಜಿಗೆ ಹಾಕಿದರೆ ಫೇಲು.

ಈ ಲೆಕ್ಕ ಕಾಗದದ್ದಷ್ಟೇ ಅಲ್ಲ. ಡ್ರೈವರ್ ಪಕ್ಕದ ಕನ್ನಡಿಯನ್ನು ನೋಡುವುದು ಪಕ್ಕದ ಗಾಜಿನ ಮೂಲಕವೇ. ಮಳೆ ಸುರಿಯುವ ರಾತ್ರಿ, ಬೀದಿದೀಪವಿಲ್ಲದ ಹೆದ್ದಾರಿಯಲ್ಲಿ, ಹಿಂದಿನಿಂದ ಲೈಟಿಲ್ಲದ ಬೈಕೊಂದು ಎಡಕ್ಕೆ ನುಗ್ಗಿದರೆ ಶೇ 37ರ ಗಾಜಿನಲ್ಲಿ ಅದು ಕಾಣುವುದೇ ಇಲ್ಲ. ಫಿಲಂ ಹಾಕಿದ ಕಾರಿನವರು ರಾತ್ರಿ ರಿವರ್ಸ್ ತೆಗೆಯುವಾಗ ಗಾಜಿಳಿಸಿ ತಲೆ ಹೊರಗೆ ಹಾಕುವುದನ್ನು ನೀವೂ ನೋಡಿರುತ್ತೀರಿ. ಫಿಲಂ ನಿಷೇಧ ಅಪರಾಧ ತಡೆಯುತ್ತದೆ ಎಂಬ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ. ಕಣ್ಣಿಗೆ ಕಾಣಬೇಕಾದ್ದು ಕಾಣಬೇಕು ಎಂಬುದು ಪೂರ್ತಿ ಒಪ್ಪಿಗೆ.

ನಿಮ್ಮ ಕಾರಿನ ಎಲ್ಲ ಗಾಜುಗಳಿಗೂ ಫಿಲಂ ಇದೆಯೋ, ಕೆಲವು ಕಂಪನಿಯಿಂದಲೇ ಬಂದ ಛಾಯೆಯ ಗಾಜುಗಳೋ ಎಂಬುದನ್ನು ಮಾತ್ರ ಒಮ್ಮೆ ನೋಡಿಕೊಳ್ಳಿ. ಇದಕ್ಕೆ ಮೀಟರ್ ಬೇಡ. ಗಾಜನ್ನು ಅರ್ಧ ಇಳಿಸಿ, ಮೇಲಂಚನ್ನು ಒಳಗಿನಿಂದ ನೋಡಿ. ಫಿಲಂ ಇದ್ದರೆ ಅದು ಗಾಜಿನ ಅಂಚಿಗಿಂತ ಕೂದಲಷ್ಟು ಕೆಳಗೇ ನಿಂತಿರುತ್ತದೆ. ಮೇಲೆ ಬೆಳ್ಳಗಿನ ಸಣ್ಣ ಗೆರೆ ಕಾಣುತ್ತದೆ. ಉಗುರಿನಿಂದ ಮೇಲಿನಿಂದ ಕೆಳಗೆ ಎಳೆದರೆ ಆ ಅಂಚು ತಡೆಯುತ್ತದೆ. ಹಳೆಯದಾದರೆ ಮೂಲೆಯಲ್ಲಿ ಗುಳ್ಳೆ ಎದ್ದಿರುತ್ತದೆ, ಬಣ್ಣ ನೇರಳೆಗೆ ತಿರುಗಿರುತ್ತದೆ. ಕಂಪನಿಯ ಛಾಯೆಯಾದರೆ ಬಣ್ಣ ಗಾಜಿನೊಳಗೇ ಇರುವುದರಿಂದ ಅಂಚಿನವರೆಗೂ ಒಂದೇ ಸಮ, ಹೆಚ್ಚಾಗಿ ತೆಳುಹಸಿರು. ಗಾಜಿನ ಕೆಳಮೂಲೆಯಲ್ಲಿ ತಯಾರಕರ ಹೆಸರು, ಭಾರತೀಯ ಮಾನಕದ ಸಂಖ್ಯೆ ಕೆತ್ತಿರುತ್ತಾರೆ. ಎಲ್ಲ ಗಾಜುಗಳಲ್ಲೂ ಆ ಗುರುತು ಇರಬೇಕು. ಒಂದರಲ್ಲಿ ಮಾತ್ರ ಇಲ್ಲದಿದ್ದರೆ ಆ ಗಾಜು ಎಂದೋ ಒಡೆದು ಬದಲಾಗಿದೆ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಅದೂ ಗೊತ್ತಿರಬೇಕಾದ ವಿಷಯವೇ.

ಕಂಪನಿ ಗಾಜಿಗೇ ಚಲನ್ ಹಾಕಿದ್ದರೆ ನಾನು ನಿಮಗೆ ಕಟ್ಟಬೇಡಿ ಎನ್ನುತ್ತಿದ್ದೆ. ಆಗ ಗಾಜಿನ ಮೂಲೆಯ ಗುರುತಿನ ಫೋಟೊ, ಅರ್ಧ ಇಳಿಸಿದ ಗಾಜಿನ ಅಂಚಿನ ಫೋಟೊ, ನಂಬರ್ ಪ್ಲೇಟ್ ಕಾಣುವಂತೆ ಇಡೀ ಕಾರಿನ ಫೋಟೊ ತೆಗೆದು, ಚಲನ್ ಬರೆದ ಸಂಚಾರ ಠಾಣೆಗೆ ಲಿಖಿತ ಆಕ್ಷೇಪಣೆ ಕೊಡಬೇಕು. ಒಪ್ಪದಿದ್ದರೆ ದಂಡ ಕಟ್ಟದೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ಹಕ್ಕು ಇದ್ದೇ ಇದೆ. ಸ್ಥಳದಲ್ಲೇ ದಂಡ ಕಟ್ಟುವುದೆಂದರೆ ತಪ್ಪನ್ನು ಒಪ್ಪಿ ರಾಜಿ ಮಾಡಿಕೊಂಡಂತೆ, ಆಮೇಲೆ ವಾದಕ್ಕೆ ಜಾಗವಿರುವುದಿಲ್ಲ. ಮೊದಲ ಚಲನ್ ವಿಷಯದಲ್ಲಿ ನೀವು ಆಗಲೇ ಕಟ್ಟಿಬಿಟ್ಟಿದ್ದೀರಿ, ಅದನ್ನು ಮರೆತುಬಿಡಿ.

ಈಗ ಕೇರಳ. 100ನೆಯ ನಿಯಮಕ್ಕೆ ಕೇಂದ್ರ ಸರ್ಕಾರ ತಿದ್ದುಪಡಿ ತಂದಿತು, 2021ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಮೊದಲು ಸುರಕ್ಷಾ ಗಾಜು ಎಂದಷ್ಟೇ ಇದ್ದ ಕಡೆ, ಒಳಮೈಗೆ ಪ್ಲಾಸ್ಟಿಕ್ ಪದರ ಕೂಡಿಸಿದ ಗಾಜನ್ನೂ ಒಳಗೊಳ್ಳುವ ವಿಶಾಲ ವ್ಯಾಖ್ಯೆ ಬಂತು. ಅದು ಭಾರತೀಯ ಮಾನಕ 2553, ಭಾಗ 2ರ 2019ರ ಪರಿಷ್ಕರಣೆಗೆ ಹೊಂದಬೇಕು. ಫಿಲಂ ವ್ಯಾಪಾರಕ್ಕೆ ಇದೇ ಕಿಟಕಿ ತೆರೆದದ್ದು. ಕೇರಳದಲ್ಲಿ ಫಿಲಂ ವಹಿವಾಟಿನವರು, ದಂಡ ತೆತ್ತ ಕಾರಿನವರು ಹೈಕೋರ್ಟಿಗೆ ಹೋದರು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಎನ್. ನಗರೇಶ್ ಅವರು, ತಿದ್ದಿದ ನಿಯಮದ ಪ್ರಕಾರ ಮಾನಕಕ್ಕೆ ಹೊಂದುವ, 70–50ರ ಮಿತಿ ಮೀರದ ಇಂಥ ಪದರಕ್ಕೆ ದಂಡ ಹಾಕುವಂತಿಲ್ಲ, ಅದನ್ನು ಕಾರು ಕಂಪನಿಯೇ ಮಾಡಿರಬೇಕೆಂದೇನೂ ಇಲ್ಲ, ಮಾಲೀಕರೂ ಮಾಡಿಸಬಹುದು ಎಂದರು. 2012ರ ತೀರ್ಪು ಬಂದದ್ದು ಹಳೆಯ ನಿಯಮವಿದ್ದಾಗ ಎಂಬುದು ಈ ವಾದದ ಬೆನ್ನೆಲುಬು.

ವಾದ ಗಟ್ಟಿಯಾಗಿಯೇ ಇದೆ, ನನಗೂ ಸರಿಯೆನಿಸುತ್ತದೆ. ಆದರೆ ಅದನ್ನು ಹಿಡಿದು ನೀವು ಹೋರಾಡಲು ಎರಡು ಅಡ್ಡಿ. ಒಂದು, ಕೇರಳ ಹೈಕೋರ್ಟಿನ ಮಾತು ಕರ್ನಾಟಕದ ಪೊಲೀಸರನ್ನಾಗಲಿ ಮ್ಯಾಜಿಸ್ಟ್ರೇಟರನ್ನಾಗಲಿ ಕಟ್ಟಿಹಾಕುವುದಿಲ್ಲ. ಅವರು ಅದನ್ನು ಗೌರವದಿಂದ ಓದಬಹುದು, ಒಪ್ಪಲೇಬೇಕೆಂದಿಲ್ಲ. ಸುಪ್ರೀಂ ಕೋರ್ಟಿನ 2012ರ ಆದೇಶವಾದರೋ ದೇಶಕ್ಕೆಲ್ಲ ಅನ್ವಯ, ಬೆಂಗಳೂರಿನ ಪೊಲೀಸರ ಕೈಯಲ್ಲಿರುವುದು ಅದೇ. ಇನ್ನೊಂದು ಅಡ್ಡಿ ನಿಮ್ಮ ಕಾರಿನದೇ. ಕೇರಳದ ತೀರ್ಪು ಎಲ್ಲ ಫಿಲಂಗೂ ರಹದಾರಿ ಕೊಟ್ಟಿಲ್ಲ. ಮಾನಕಕ್ಕೆ ಹೊಂದಬೇಕು, ಬೆಳಕಿನ ಮಿತಿ ಮೀರಬಾರದು. ನಿಮ್ಮ ಗಾಜಿನ ಮೇಲಿರುವುದು ಯಾವ ಕಂಪನಿಯದು, ಎಷ್ಟು ಶೇಕಡಾದ್ದು, ಯಾವಾಗ ಹಾಕಿಸಿದ್ದು? ಬಿಲ್ಲು ಯಾರ ಬಳಿ ಇದೆ? ಕೋರ್ಟಿನಲ್ಲಿ ಈ ನಾಲ್ಕು ಪ್ರಶ್ನೆ ಕೇಳಿದರೆ ನಿಮ್ಮ ವಕೀಲರು ನಿಮ್ಮ ಮುಖ ನೋಡುತ್ತಾರೆ, ನೀವು ಅಂಗಡಿಯವರ ಮುಖ ನೋಡುತ್ತೀರಿ, ಅವರು ಅಲ್ಲಿರುವುದಿಲ್ಲ. ಸುಮಾರು 600 ಕಿ.ಮೀ. ದೂರದ ಊರಿಗೆ ತಾರೀಖಿಗೊಮ್ಮೆ ಹೋಗಿಬರುವ ಡೀಸೆಲ್ ಖರ್ಚೇ ದಂಡದ ಎಷ್ಟೋ ಪಟ್ಟು. ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಯಾರಾದರೂ ಇತ್ಯರ್ಥ ಮಾಡಿಸಬೇಕು, ಅದು ಫಿಲಂ ಕಂಪನಿಗಳ ಕೆಲಸ. ನಿಮ್ಮ ಖರ್ಚಿನಲ್ಲಿ ಬೇಡ.

ದೊಡ್ಡವರ ಕಾರಿನ ಮಾತಿಗೆ ಬಂದರೆ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸುಪ್ರೀಂ ಕೋರ್ಟ್ ವಿನಾಯಿತಿ ಕೊಟ್ಟದ್ದು ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವವರ ವಾಹನಗಳಿಗೆ ಮಾತ್ರ. ಎಂಜಿನ್ ಬಾನೆಟ್ಟಿನ ಮೇಲೆ ಪಕ್ಷದ ಬಾವುಟ, ಗಾಜಿನ ಮೇಲೆ ಪ್ರೆಸ್ ಎಂಬ ಚೀಟಿ, ಸೊಸೈಟಿ ನಿರ್ದೇಶಕರ ಬೋರ್ಡು, ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. 2021ರ ಜನವರಿಯಲ್ಲಿ ಕೇರಳದ ಮೋಟಾರು ವಾಹನ ಇಲಾಖೆ ‘ಆಪರೇಷನ್ ಸ್ಕ್ರೀನ್’ ಎಂಬ ಕಾರ್ಯಾಚರಣೆ ಶುರು ಮಾಡಿ ಸರ್ಕಾರಿ ಕಾರುಗಳ ಪರದೆಯನ್ನೂ ಬಿಡುವುದಿಲ್ಲ ಎಂದಾಗ ಅಲ್ಲಿನ ಮಂತ್ರಿಗಳ ಕಾರುಗಳೂ ಸುದ್ದಿಯಾದವು. ನಮ್ಮಲ್ಲಿ ಫಿಲಂ ತಪಾಸಣೆ ವರ್ಷಕ್ಕೊಮ್ಮೆ ಬರುವ ಜಾತ್ರೆಯ ರೀತಿ ನಡೆದು ಮುಗಿಯುತ್ತದೆ. ನಿಲ್ಲಿಸುವುದು ಹೊರ ಜಿಲ್ಲೆಯ ನಂಬರಿನ ಸಣ್ಣ ಕಾರುಗಳನ್ನೇ ಹೆಚ್ಚು ಎಂಬ ದೂರು ನಿಮ್ಮೊಬ್ಬರದಲ್ಲ. ಆದರೆ ಪಕ್ಕದವನನ್ನು ಬಿಟ್ಟರು ಎಂಬ ವಾದಕ್ಕೆ ಯಾವ ಮ್ಯಾಜಿಸ್ಟ್ರೇಟರೂ ದಂಡ ಮನ್ನಾ ಮಾಡುವುದಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕನ್ನಡಿಗರೂ ಆಗಾಗ ಇದೇ ಫಿಲಂಗೆ ಸಿಕ್ಕಿಬೀಳುತ್ತಾರೆ; ಅಲ್ಲಿ ಮುಂದಿನ ಪಕ್ಕದ ಗಾಜಿಗೇ ಶೇ 70ರ ಮಿತಿ. ಅಲ್ಲಿ ಕೊಡುವುದಕ್ಕೆ ಜನ ಫಿಕ್ಸ್–ಇಟ್ ಟಿಕೆಟ್ ಎನ್ನುತ್ತಾರೆ. ಫಿಲಂ ತೆಗೆಸಿ, ಅಧಿಕಾರಿಯೊಬ್ಬರಿಗೆ ಕಾರು ತೋರಿಸಿ ಸಹಿ ಹಾಕಿಸಿಕೊಂಡು, ಕೋರ್ಟಿಗೆ 25 ಡಾಲರ್ ಶುಲ್ಕ ಕಟ್ಟಿದರೆ ಪ್ರಕರಣ ಮುಗಿಯಿತು. ದಂಡಕ್ಕಿಂತ ಫಿಲಂ ಹೋಗುವುದು ಮುಖ್ಯ ಎಂಬ ಲೆಕ್ಕ ಅದು. ನಮ್ಮಲ್ಲಿ ₹500 ತೆಗೆದುಕೊಂಡು ಕಪ್ಪು ಗಾಜಿನ ಸಮೇತ ಕಳಿಸಿಬಿಟ್ಟರು ನಿಮ್ಮನ್ನು. ಸುಪ್ರೀಂ ಕೋರ್ಟ್ ಹೇಳಿದಂತೆ ಅಂದೇ ಕೀಳಿಸಿದ್ದರೆ ಎರಡನೆಯ ಚಲನ್ ಬರುತ್ತಲೇ ಇರಲಿಲ್ಲ. ಇದು ಪೊಲೀಸರ ಕಡೆಯ ತಪ್ಪು ಎಂದೇ ನನ್ನ ಅಭಿಪ್ರಾಯ.

ಮನೆಯವರ ಚರ್ಮದ ತೊಂದರೆಗೆ ವೈದ್ಯರ ಚೀಟಿಯಿಂದ ವಿನಾಯಿತಿ ಸಿಗುವ ಅವಕಾಶ ನಮ್ಮ ನಿಯಮದಲ್ಲಿಲ್ಲ. ಆದರೆ ಚರ್ಮಕ್ಕೆ ಹೆಚ್ಚಾಗಿ ತೊಂದರೆ ಕೊಡುವುದು ಅತಿನೇರಳೆ ಕಿರಣ, ಅದಕ್ಕೂ ಗಾಜಿನ ಕಪ್ಪು ಬಣ್ಣಕ್ಕೂ ಸಂಬಂಧ ಕಡಿಮೆ. ಮುಂದಿನ ಗಾಜು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು. ಆ ಹಾಳೆ ಅತಿನೇರಳೆಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಪಕ್ಕದ ಗಾಜು ಸಾಮಾನ್ಯವಾಗಿ ಒಂದೇ ಪದರದ್ದಾದ್ದರಿಂದ ಅಲ್ಲಿಂದ ಸಾಕಷ್ಟು ನುಸುಳುತ್ತದೆ. ಹಾಗಾಗಿ ಕೂರುವ ಜಾಗ ಮುಖ್ಯ. ಕಲಬುರಗಿಯಿಂದ ಬೆಂಗಳೂರಿಗೆ ನೀವು ಹೋಗುವುದು ಹೆಚ್ಚುಕಡಿಮೆ ದಕ್ಷಿಣಕ್ಕೆ: ಬೆಳಿಗ್ಗೆ ಬಿಸಿಲು ಎಡಗಡೆ, ಮಧ್ಯಾಹ್ನದ ಮೇಲೆ ಬಲಗಡೆ. ಬೆಳಿಗ್ಗೆ ಹೊರಟರೆ ಅವರನ್ನು ಹಿಂದಿನ ಸೀಟಿನ ಬಲಕ್ಕೆ ಕೂರಿಸಿ, ಊಟಕ್ಕೆ ನಿಲ್ಲಿಸಿದಾಗ ಜಾಗ ಬದಲಿಸಿ. ತುಂಬುತೋಳಿನ ಹತ್ತಿ ಬಟ್ಟೆ, ಅವರ ವೈದ್ಯರು ಒಪ್ಪಿದರೆ ಸನ್‌ಸ್ಕ್ರೀನ್. ಮುಂದೆ ಕಾರು ಬದಲಿಸುವಾಗ ಕಂಪನಿಯಿಂದಲೇ ಅತಿನೇರಳೆ ತಡೆಯುವ ಗಾಜು ಹಾಕಿರುವ ಮಾದರಿ ಕೇಳಿ.

ಕಾರಿನ ಒಳಗಿನ ಕಾವಿಗೆ ಸುಲಭದ ಉಪಾಯಗಳೇ ಸಾಕು. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣದ್ದು. ಅಗ್ಗದ ಕಪ್ಪು ಫಿಲಂ ಕಾಣುವ ಬೆಳಕನ್ನು ಕಡಿಮೆ ಮಾಡಿ ತಂಪೆಂಬ ಭಾವನೆ ಕೊಡುತ್ತದೆಯೇ ಹೊರತು ತಾನೂ ಕಾದು ಆ ಕಾವನ್ನು ಒಳಕ್ಕೂ ಬಿಡುತ್ತದೆ. ನಿಲ್ಲಿಸುವಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಸನ್‌ಶೇಡ್ ಇಡಿ. ಹೊರಡುವಾಗ ತೆಗೆಯಿರಿ, ಪಕ್ಕದ ಗಾಜಿನ ಬಲೆಯನ್ನೂ ಸೇರಿಸಿ. ಓಡುವ ಕಾರಿನಲ್ಲಿ ಅದು ‘ಬೇರಾವುದೇ ವಸ್ತು’ವಿನ ಲೆಕ್ಕಕ್ಕೆ ಬಂದು ಮತ್ತೊಂದು ಚಲನ್ನಿಗೆ ದಾರಿ. ಹತ್ತಿದ ಕೂಡಲೇ ಎಸಿ ಹಾಕದೆ, ಎದುರುಬದುರು ಗಾಜು ಇಳಿಸಿ ಒಂದಷ್ಟು ದೂರ ಓಡಿಸಿ, ಕಾದ ಗಾಳಿ ಹೊರಹೋದ ಮೇಲೆ ಎಸಿ ಹಾಕಿ.

ಫಿಲಂ ಕೀಳುವ ಕೆಲಸ ಅಂಗಡಿಯಲ್ಲಿ ಮಾಡಿಸುವುದೇ ಲೇಸು. ಮನೆಯಲ್ಲೇ ಮಾಡುವುದಾದರೆ ಬಿಸಿಲು ಚೆನ್ನಾಗಿರುವ ಹೊತ್ತು ಆರಿಸಿಕೊಳ್ಳಿ, ಅಂಟು ಮೆತ್ತಗಾಗಿರುತ್ತದೆ. ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿ, ಹೇರ್ ಡ್ರೈಯರಿನ ಬಿಸಿಗಾಳಿ ಬಿಡುತ್ತ ನಿಧಾನ ಎಳೆದರೆ ಹಾಳೆ ಇಡಿಯಾಗಿ ಬರುತ್ತದೆ. ಆತುರಪಟ್ಟರೆ ಹಾಳೆ ಬಂದು ಅಂಟು ಗಾಜಿಗೇ ಉಳಿಯುತ್ತದೆ. ಅದನ್ನು ಸೋಪು ನೀರು ಹಾಕಿ ನೆನೆಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬೇಕು. ಹಿಂದಿನ ಗಾಜಿನಲ್ಲಿ ಅಡ್ಡಕ್ಕೆ ತೆಳು ಕಂದು ಗೆರೆಗಳಿದ್ದರೆ ಅವು ಮಂಜು ಕರಗಿಸುವ ತಂತಿಗಳು. ಅಲ್ಲಿ ಬ್ಲೇಡ್ ಮುಟ್ಟಿಸಲೇಬೇಡಿ, ಗೆರೆಯುದ್ದಕ್ಕೂ ಎಳೆಯಿರಿ. ಒಂದು ತಂತಿ ಹರಿದರೂ ಆ ಗೆರೆ ಕೆಲಸ ಮಾಡದು. ಕೆಲಸ ಮುಗಿದ ಮೇಲೆ ನಂಬರ್ ಪ್ಲೇಟ್ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ, ಅಂಗಡಿಯ ರಸೀದಿಯನ್ನೂ. ಮುಂದೆ ಹಳೆಯ ಫೋಟೊ ಆಧರಿಸಿ ಏನಾದರೂ ಬಂದರೆ ಉತ್ತರ ಕೊಡಲು ಅವೇ ಸಾಕು.

ಇನ್ನು ದಂಡ ಕಟ್ಟುವುದು. ರಾಜ್ಯ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಶೇ 50 ರಿಯಾಯಿತಿ ಕೊಡುವುದುಂಟು. 2023ರ ಫೆಬ್ರುವರಿಯಲ್ಲಿ ಕೊಟ್ಟಿತ್ತು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಕೊಟ್ಟಿತು. ಇನ್ನೊಂದು ರಿಯಾಯಿತಿ ಬರಲಿ ಎಂದು ಕಾಯುವವರೂ ಇದ್ದಾರೆ. ಅಷ್ಟರಲ್ಲಿ ಬಾಕಿ ಚಲನ್ ಕಾರಿನ ದಾಖಲೆಗೆ ಅಂಟಿಕೊಂಡಿದ್ದು, ಮಾರುವಾಗಲೋ ವಿಳಾಸ ಬದಲಿಸುವಾಗಲೋ ಆರ್‌ಟಿಒ ಕೆಲಸಕ್ಕೆ ಅಡ್ಡ ಬರಬಹುದು. ಕಾಯಬೇಡಿ.

ಬಂದಿರುವ ಮೆಸೇಜನ್ನು ಮಾತ್ರ ಕುರುಡಾಗಿ ನಂಬಬೇಡಿ. ಚಲನ್ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ ಫೈಲ್ ಕಳಿಸಿ, ಅದನ್ನು ಒತ್ತಿದವರ ಬ್ಯಾಂಕ್ ಖಾತೆ ಬರಿದು ಮಾಡುವ ದಂಧೆ ಜೋರಾಗಿದೆ. ಕೇಂದ್ರದ ಪರಿವಾಹನ್ ಇ–ಚಲನ್ ತಾಣಕ್ಕೋ ರಾಜ್ಯ ಪೊಲೀಸರ ತಾಣಕ್ಕೋ ನೀವೇ ಹೋಗಿ, ಕಾರಿನ ನಂಬರ್ ಹಾಕಿ, ಅಲ್ಲಿ ತೋರುವ ಚಲನ್, ಅದರ ಫೋಟೊ, ತಾರೀಖು, ಜಾಗ ತಾಳೆ ನೋಡಿ. ಅಂದು ನಿಮ್ಮ ಕಾರು ಬೆಂಗಳೂರಿನಲ್ಲಿ ಇರಲೇ ಇಲ್ಲ ಎಂದಾದರೆ ಇನ್ಯಾರೋ ನಿಮ್ಮ ನಂಬರ್ ಹಾಕಿಕೊಂಡು ಓಡಾಡುತ್ತಿದ್ದಾರೆಂದರ್ಥ. ಆಗ ಕಟ್ಟದೆ ಪೊಲೀಸ್ ದೂರು ಕೊಡಿ. ಎಲ್ಲ ಸರಿಯಿದ್ದರೆ ಅಲ್ಲೇ ಕಟ್ಟಬಹುದು. ಆನ್‌ಲೈನ್ ಬೇಡವೆಂದರೆ ನಿಮ್ಮೂರಿನ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ ವಿಚಾರಿಸಿ, ರಸೀದಿ ಕೇಳಿ ಪಡೆಯಿರಿ. ಅದೇ ಪುಟದಲ್ಲಿ ಹಿಂದಿನ ಮಾಲೀಕರ ಕಾಲದ ಬಾಕಿಯೂ ಇದೆಯೇ ನೋಡಿಕೊಳ್ಳಿ. ಇದ್ದರೆ ಅದನ್ನು ಅವರಿಂದಲೇ ಕಟ್ಟಿಸಿ.